ಘಟಿಕೋತ್ಸವದ ದಿನ ಹಾಕಿದ ಬೀಗ

"ನಾಳೆ ನೀನು ಒಂದು ಕಡ್ಡೀನೂ ಎತ್ತಿ ಆ ಕಡೆ ಇಡಬೇಡ. ಎಲ್ಲಾ ಜವಾಬ್ದಾರಿ ನಂದು," ಎಂದು ಬೀಗದಣ್ಣ ಊಟದ ತಟ್ಟೆಯ ಮುಂದೆ ಕೂತು ಸಾರಿದ. ಪಟ್ಟಕ್ಕೇರುವ ರಾಜನೂ ಇಷ್ಟು ಗಂಭೀರವಾಗಿ ಮಾತಾಡಿರಲಾರ.

"ಎಲ್ಲಾ ಅಂದ್ರೆ ಏನೇನ್ರೀ?" ಎಂದಳು ಹೆಂಡತಿ.

"ಗೌನಿಗೆ ಇಸ್ತ್ರಿ ಹಾಕೋದು ನಂದು. ಪಾಸು ಜೋಪಾನ ಮಾಡೋದು ನಂದು. ಮುಂದಿನ ಸಾಲಲ್ಲಿ ಸೀಟು ಹಿಡಿಯೋದಂತೂ ನಂದೇ."

"ಪದವಿ?"

"ಅದೊಂದು ನೀನೇ ತಗೋ."

ಬೀದಿಗೆಲ್ಲ ಅವನು ಬೀಗದಣ್ಣ. ಕೆಳಗೆ ಬೀಗ ರಿಪೇರಿ ಅಂಗಡಿ, ಮೇಲೆ ಮನೆ. ಅವನ ನಿಜವಾದ ಹೆಸರು ನೆನಪಿದ್ದದ್ದು ಅತ್ತೆಗೆ ಮಾತ್ರ, ಅದೂ ಅಳಿಯನನ್ನು ಬೈಯಬೇಕಾದಾಗ. ಹೆಂಡತಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಒಂದು ದಿನ ಆ ವಾರ್ಡಿಗೆ ಮನೆಕೆಲಸದ ಹೆಂಗಸೊಬ್ಬಳನ್ನು ತೀರಾ ತಡವಾಗಿ ಕರೆತಂದಿದ್ದರು. ಯಜಮಾನರು ಅವಳನ್ನು ಒಳಗೇ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದರಂತೆ. ನೋವು ಶುರುವಾದರೂ ಬಾಗಿಲು ತೆರೆಯುವವರಿರಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು. ಇವಳ ನೆಮ್ಮದಿ ಮಾತ್ರ ಉಳಿಯಲಿಲ್ಲ. ಕೂದಲಿಗೆ ಬಿಳಿ ಇಳಿಯುವ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿ, ಮಾನವ ಹಕ್ಕುಗಳಲ್ಲಿ ಎಂ.ಎ. ಮಾಡಿದಳು.

ಅವಳು ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡರೆ ಸಾಕು, ಬೀಗದಣ್ಣ ಅರದ ಕಿರಿಕಿರಿ ಅವಳಿಗೆ ಬೇಡವೆಂದು ಅಂಗಡಿಗಿಳಿದು ಅಲ್ಲಿ ಕೀಲಿ ಉಜ್ಜುತ್ತಿದ್ದ. ಅವಳು ಏನು ಓದುತ್ತಾಳೆಂಬುದು ಅವನಿಗೆ ಅಷ್ಟಕ್ಕಷ್ಟೆ. ಆದರೆ ಅವಳು ವೇದಿಕೆ ಹತ್ತಿ ಪದವಿ ಈಸಿಕೊಳ್ಳುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಮಾತ್ರ ಅವಳಿಗಿಂತ ಅವನಿಗೇ ಒಂದು ಕೈ ಹೆಚ್ಚಿತ್ತು.

ಆ ಸಂಭ್ರಮದಲ್ಲೇ ಅವನು ಮನೆ ಬಾಗಿಲಿಗೆ ತಾನೇ ತಯಾರಿಸಿದ ಹೊಸ ಬೀಗ ಕೂಡಿಸಿದ್ದ. ಎಂ.ಎ. ಆದವರ ಮನೆಗೆ ಮರ್ಯಾದಸ್ಥ ಬೀಗ ಬೇಡವೇ?

"ಕಳ್ಳ ಅಲ್ಲ, ಕಳ್ಳನ ಅಪ್ಪ ಬಂದ್ರೂ ತೆಗೆಯೋಕಾಗಲ್ಲ," ಎಂದಿದ್ದ.

"ಒಳಗಿರೋರು ತೆಗೆಯಬಹುದು ತಾನೆ?"

"ಅದೇ ಇದರ ವಿಶೇಷ ಕಣೇ. ಒಳಗಿಂದ ತೆಗೆಯೋಕೂ ಕೀಲಿ ಬೇಕು."

"ಹಾಗಾದ್ರೆ ನನಗೊಂದು ಕೀಲಿ ಕೊಡಿ."

"ಸದ್ಯಕ್ಕೆ ಇರೋದು ಒಂದೇ. ಇನ್ನೊಂದು ಮಾಡಿಕೊಡ್ತೀನಿ, ಏನವಸರ?"

ಊರವರಿಗೆಲ್ಲ ನಿಂತ ನಿಲುವಿನಲ್ಲಿ ಕೀಲಿ ಮಾಡಿಕೊಡುವವನು ಹೆಂಡತಿಗೆ ಹೇಳಿದ ಉತ್ತರ ಇದು. ಅವಳಿಗೆ ಪರೀಕ್ಷೆ, ಡ್ಯೂಟಿ ಎಲ್ಲ ದಾಟಿ ಬಂದ ಸುಸ್ತು. ಜಗಳ ಕಾಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಬೀಗದಣ್ಣ ಇಸ್ತ್ರಿಯಾದ ಗೌನು, ಪಾಸು, ಅವಳ ಫೋನು, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಕೊಂಡ. ಇವತ್ತಿನ ದಿನ ಅವಳಿಗೇಕೆ ಭಾರ ಎಂಬುದು ಅವನ ಲೆಕ್ಕಾಚಾರ.

"ನಾನು ಮುಂದೆ ಹೋಗಿ ಸೀಟು ಹಿಡಿದಿರ್ತೀನಿ. ನೀನು ಕೈ ಬೀಸ್ಕೊಂಡು ಆರಾಮಾಗಿ ಬಾ," ಎಂದು ಬಚ್ಚಲ ಬಾಗಿಲಿಗೆ ಕೂಗಿ ಹೇಳಿದ.

"ಹೂಂ," ಎಂದಿತು ಬಚ್ಚಲು.

ಹೊರಗೆ ಬಂದವನು ಬಾಗಿಲೆಳೆದ. ಕೀಲಿ ತಿರುಗಿಸಿದ. ಬೀಗ ಬಿತ್ತೋ ಇಲ್ಲವೋ ಎಂದು ಜಗ್ಗಿ ನೋಡಿದ. ಕೀಲಿಯನ್ನು ಜೇಬಿಗಿಳಿಸಿ ಸಿಳ್ಳೆ ಹಾಕುತ್ತ ಮೆಟ್ಟಿಲಿಳಿದ. ಇಷ್ಟು ವರ್ಷ ಬೀಗದ ಜೊತೆಗೇ ಬದುಕಿದ ಕೈ ಅದು. ಬೀಗ ಹಾಕುವಾಗ ತಲೆಯನ್ನು ಕೇಳುವ ಪದ್ಧತಿ ಅದಕ್ಕಿರಲಿಲ್ಲ. ಪಕ್ಕದ ಮನೆಗೆ ಬಣ್ಣ ಬಳಿಯುವವನು ಗೋಡೆಗೆ ಏಣಿ ಆನಿಸುತ್ತಿದ್ದ. ಅವನಿಗೂ ಒಂದು ನಗೆ ಬೀರಿ ಸ್ಕೂಟರು ಹತ್ತಿದ.

ಸಮಾರಂಭ ವಿಭಾಗದ್ದೇ ಚಿಕ್ಕ ಸಭಾಂಗಣದಲ್ಲಿ. ಯಾರು ಎಲ್ಲಿ ಬೇಕಾದರೂ ಕೂರಬಹುದಿತ್ತು. ಬೀಗದಣ್ಣ ಮುಂದಿನ ಸಾಲಿನ ನಟ್ಟನಡುವೆ ಒಂದು ಕುರ್ಚಿಗೆ ಗೌನಿನ ಚೀಲ ಕೂರಿಸಿ, ಇನ್ನೊಂದಕ್ಕೆ ತಾನು ಕೂತ. ಚೀಲ ನೋಡಿ ಯಾರೂ ಹೆದರದಿದ್ದರೆ ಎಂದು ಅದರ ಮೇಲೆ ತನ್ನ ಫೋನನ್ನೂ ಇಟ್ಟ.

"ಈ ಕುರ್ಚಿ ಯಾರದ್ದು?" ಎಂದರು ಅಲ್ಲಿ ಓಡಾಡುತ್ತಿದ್ದ ಮೇಷ್ಟ್ರು.

"ಮಾನವ ಹಕ್ಕಿನಲ್ಲಿ ಎಂ.ಎ. ಮಾಡಿದೋರದ್ದು," ಎಂದ ಗತ್ತಿನಿಂದ.

"ಇವತ್ತು ಇಲ್ಲಿ ಗೌನ್ ಹಾಕೋರೆಲ್ಲಾ ಅವರೇ," ಎಂದು ಮೇಷ್ಟ್ರು ಮುಂದೆ ಹೋದರು.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಪದವಿ ನೋಡಲು ಬಂದಿದ್ದರು. ಮಾತಿಗೆ ಮಾತು ಬೆಳೆಯಿತು.

"ನಿಮ್ಮ ಮನೆಯವರು ಯಾವುದರ ಮೇಲೆ ಪ್ರಬಂಧ ಬರೆದಿದ್ದಪ್ಪಾ?"

ಬೀಗದಣ್ಣ ಜೇಬಿನಿಂದ ಕೀಲಿ ತೆಗೆದು, ಅದರ ಉಂಗುರವನ್ನು ಬೆರಳಿಗೆ ಹಾಕಿ ಗಿರಗಿರನೆ ತಿರುಗಿಸುತ್ತ ಸಾವಕಾಶವಾಗಿ ಹೇಳಿದ: "ಮನೆಕೆಲಸದೋರನ್ನ ಒಳಗೇ ಬಿಟ್ಟು ಹೊರಗಿಂದ ಬೀಗ ಜಡಿದು ಹೋಗ್ತಾರಲ್ಲಜ್ಜಿ, ಅಂಥೋರ ಮೇಲೆ."

"ಅಯ್ಯೋ ಶಿವನೇ. ಅಂಥೋರೂ ಇರ್ತಾರಾ?"

"ಇರ್ತಾರೆ. ಒಳಗೊಂದು ಜೀವ ಇದೆ ಅನ್ನೋ ಪರಿವೆ ಬೇಡ್ವಾ? ಬೀಗ ಹಾಕಿ, ಎಲ್ಲೋ ಹೋಗಿ ಆರಾಮಾಗಿ ಹರಟೆ ಹೊಡೀತಾ ಕೂತಿರ್ತಾರೆ."

"ಕೀಲೀನೂ ಜೊತೆಗೇ ತಗೊಂಡು ಹೋಗ್ತಾರಾ?"

ಬೆರಳ ಮೇಲೆ ತಿರುಗುತ್ತಿದ್ದ ಕೀಲಿ ನಿಂತಿತು. ಬೀಗದಣ್ಣ ಅದನ್ನು ನೋಡಿದ. ಪಕ್ಕದ ಖಾಲಿ ಕುರ್ಚಿ ನೋಡಿದ. ಮತ್ತೆ ಕೀಲಿ ನೋಡಿದ. ಅಷ್ಟು ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಯಾಕಪ್ಪಾ, ಮುಖವೆಲ್ಲಾ ಬಿಳಿಚಿಕೊಳ್ತು?"

"ಅಜ್ಜೀ, ಈ ಕುರ್ಚಿ ಒಂಚೂರು ನೋಡ್ಕೊಳ್ಳಿ," ಎಂದವನೇ ಎದ್ದು ಓಡಿದ.

ಸ್ಕೂಟರು ಹಾರಿತು. ಅರ್ಧ ದಾರಿಯಲ್ಲಿ ಎದುರಿಗೆ ಬಂದ ಬಸ್ಸಿನ ಕಿಟಕಿಯಿಂದ ಯಾರೋ ಒದ್ದೆ ಕೂದಲಿನ ಹೆಂಗಸು ಕೈ ಹೊರಗೆ ಹಾಕಿ "ರೀ, ರೀ" ಎಂದು ಕೂಗಿದರು. ಯಾರ ಗಂಡ ಏನು ಅವಾಂತರ ಮಾಡಿಕೊಂಡನೋ ಪಾಪ ಎಂದುಕೊಂಡು ಬೀಗದಣ್ಣ ಇನ್ನೂ ಜೋರಾಗಿ ಓಡಿಸಿದ.

ಮನೆ ಮುಟ್ಟಿ, ಸ್ಕೂಟರಿನಲ್ಲಿದ್ದ ಉಪಕರಣಗಳ ಚೀಲ ಎತ್ತಿಕೊಂಡು, ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದ.

"ಏ, ಇದ್ದೀಯೇನೇ?"

ಉತ್ತರವಿಲ್ಲ.

"ಕೋಪ ಮಾಡ್ಕೋಬೇಡ. ಇನ್ನೂ ಹೊತ್ತಿದೆ. ನಿನ್ನ ಹೆಸರು ಕೊನೇಲಿ ಬರುತ್ತೆ."

ಬಾಗಿಲಿಗೆ ಬಾಯಿ ಹಚ್ಚಿ ಗೋಗರೆದ, ಮುದ್ದು ಮಾಡಿದ, ಇನ್ನು ಮೇಲೆ ಮನೆಗೆ ಬೀಗವೇ ಬೇಡ ಎಂದು ಆಣೆ ಇಟ್ಟ. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಕೀಲಿ ತೂರಿಸಿ ಬಲವಾಗಿ ತಿರುಗಿಸಿದ. ಕಟಕ್ ಎಂದಿತು. ಅರ್ಧ ಕೀಲಿ ಕೈಯಲ್ಲಿತ್ತು, ಇನ್ನರ್ಧ ಬೀಗದ ಹೊಟ್ಟೆಯಲ್ಲಿತ್ತು. ಇಕ್ಕಳದಲ್ಲಿ ಕಿತ್ತ, ತಂತಿಯಲ್ಲಿ ಕೆದಕಿದ, ಸುತ್ತಿಗೆಯಲ್ಲಿ ಕುಟ್ಟಿದ. ಕಳ್ಳನ ಅಪ್ಪನ ವಿಷಯದಲ್ಲಿ ಅವನು ಕೊಟ್ಟಿದ್ದ ಮಾತನ್ನು ಬೀಗ ಅಕ್ಷರಶಃ ಉಳಿಸಿಕೊಂಡಿತು.

ಕೆಳಗೆ ಓಡಿ ಬಂದರೆ, ಅಡುಗೆಮನೆ ಕಿಟಕಿಗೇ ಒಂದು ಏಣಿ ಆನಿಸಿತ್ತು. ಕಿಟಕಿಗೆ ಸರಳಿಲ್ಲ, ಅದರ ಕದವೂ ತೆರೆದಿತ್ತು. ಈ ಏಣಿ ಇಲ್ಲಿಗೆ ಹೇಗೆ ಬಂತು ಎಂದು ಬೇರೆಯವರಾಗಿದ್ದರೆ ಯೋಚಿಸುತ್ತಿದ್ದರು. ಬೀಗದಣ್ಣ ಹತ್ತಿದ. ತಲೆ ಮೊದಲು ಒಳಗೆ ಹೋಯಿತು, ಹೊಟ್ಟೆ ಸ್ವಲ್ಪ ಹೊತ್ತು ಚರ್ಚೆ ಮಾಡಿತು, ಆಮೇಲೆ ಅವನು ಇಡಿಯಾಗಿ ಪಾತ್ರೆ ತೊಳೆಯುವ ತೊಟ್ಟಿಗೆ ಬಿದ್ದ.

ಮನೆ ಖಾಲಿ. ತೊಟ್ಟಿಯ ಪಕ್ಕಕ್ಕೆ ಎಳೆದಿಟ್ಟ ಕುರ್ಚಿ, ಅದರ ಮೇಲೆ ಒದ್ದೆ ಟವೆಲು. ಅವಳ ಹೊಸ ಚಪ್ಪಲಿ ಇರಲಿಲ್ಲ. ಬಸ್ಸಿನಿಂದ "ರೀ" ಎಂದ ಧ್ವನಿ ಯಾರದ್ದೆಂದು ಅವನಿಗೆ ಆಗ ಹೊಳೆಯಿತು. ಅಂದರೆ ಅವಳು ಹೋಗಿದ್ದಾಳೆ. ಎದೆಯ ಮೇಲಿನ ಬಂಡೆ ಇಳಿಯಿತು. ಈಗ ಇಳಿದು ಓಡಿದರೂ ಸಮಾರಂಭ ಸಿಗುತ್ತದೆ ಎಂದು ಕಿಟಕಿಗೆ ಹಾರಿದ.

ಏಣಿ ಇರಲಿಲ್ಲ. ಬಣ್ಣದವನು ಅದನ್ನು ಹೆಗಲ ಮೇಲೆ ಹೊತ್ತು, ಕಿವಿಯಲ್ಲಿ ಹಾಡು ತುಂಬಿಕೊಂಡು, ಬೀದಿಯ ತಿರುವು ದಾಟುತ್ತಿದ್ದ. ಕೂಗಿದರೆ ಕೇಳುವುದು ಹೇಗೆ? ಉಪಕರಣಗಳ ಚೀಲ ಬಾಗಿಲಾಚೆ ಬಿದ್ದಿತ್ತು. ಫೋನು ಮುಂದಿನ ಸಾಲಿನಲ್ಲಿ ಕುರ್ಚಿ ಕಾಯುತ್ತಿತ್ತು. ಬೀಗದಣ್ಣ ಕುರ್ಚಿಯ ಮೇಲೆ ಕುಸಿದು ಕೂತ. ಎರಡು ವರ್ಷ ಕಾದದ್ದು ಇದಕ್ಕೇನಾ ಎನಿಸಿತು. ಆ ಕ್ಷಣ ಅವನಿಗೆ ತನ್ನ ಮೇಲೆ ನಿಜವಾಗಿಯೂ ಕೋಪ ಬಂತು.

ಅಷ್ಟರಲ್ಲಿ ಕೆಳಗೆ ಗಾಡಿ ನಿಂತ ಸದ್ದಾಯಿತು. ಪಾರ್ಸೆಲ್ ಹಂಚುವ ಹೆಂಗಸು. ಈ ಬೀದಿಗೆ ಹೊಸಬರು.

"ಅಮ್ಮಾ, ಒಳಗೆ ಸಿಕ್ಕಿಹಾಕಿಕೊಂಡಿದ್ದೀನಿ," ಎಂದು ಕಿಟಕಿಯಿಂದ ಕೂಗಿದ.

ಆಕೆ ತಲೆ ಎತ್ತಿ ನೋಡಿ, ಆಮೇಲೆ ಅಂಗಡಿಯ ಬೋರ್ಡು ನೋಡಿದರು. "ನಿಮ್ಮ ಅದೃಷ್ಟ ಅಣ್ಣಾ. ಕೆಳಗೇ ಬೀಗದ ಅಂಗಡಿ ಇದೆ. ತುರ್ತು ಕರೆಗೆ ನಂಬರೂ ಹಾಕಿದ್ದಾರೆ. ತಡೀರಿ, ಕರೀತೀನಿ."

"ಬೇಡ, ಅದು..." ಎನ್ನುವಷ್ಟರಲ್ಲಿ ಆಕೆ ಒತ್ತಿಯಾಗಿತ್ತು. ಅತ್ತ ಯಾರೋ ಎತ್ತಿದರು.

"ಬೀಗದ ಅಂಗಡಿಯವರಾ? ನಿಮ್ಮ ಅಂಗಡಿ ಮೇಲಿನ ಮನೇಲಿ ಒಬ್ಬರು ಸಿಕ್ಕಿಹಾಕಿಕೊಂಡಿದ್ದಾರೆ. ಹೌದು, ದಪ್ಪಗಿದ್ದಾರೆ. ಹೌದು, ಮೀಸೆ ಇದೆ." ಆಕೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಕಿಟಕಿಯತ್ತ ತಿರುಗಿದರು. "ಅಣ್ಣಾ, ಅಂಗಡಿಯವರ ಹೆಂಡತಿಯಂತೆ. ಅಲ್ಲೇ ಇರಲಿ ಅಂದರು. ಅವರ ಹೆಸರು ಈಗ ಕರೀತಾರಂತೆ. ಫೋನ್ ಇಡಬೇಡಿ, ಮೇಲಿರೋರಿಗೆ ಕೇಳಿಸಿ ಅಂತಿದ್ದಾರೆ."

ಆಕೆಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಫೋನಿನ ಸದ್ದು ಹೆಚ್ಚಿಸಿ, ತುದಿಗಾಲಲ್ಲಿ ನಿಂತು, ಕೈ ಎತ್ತಿ ಹಿಡಿದರು. ಬೀಗದಣ್ಣ ಸೊಂಟದವರೆಗೆ ಕಿಟಕಿಯ ಹೊರಗೆ ಬಾಗಿದ. ಯಾರೋ ಮೈಕಿನಲ್ಲಿ ಹೆಂಡತಿಯ ಹೆಸರು ಕರೆದರು. ಚಪ್ಪಾಳೆ ಬಿತ್ತು. "ಅವರೇ, ಕುರ್ಚಿ ಬಿಟ್ಟು ಓಡಿದವನ ಹೆಂಡತಿ," ಎಂದು ಅಜ್ಜಿಯ ಧ್ವನಿ ಕೂಡ ಕೇಳಿಸಿತು. ಬೀಗದಣ್ಣ ಕಿಟಕಿಯಲ್ಲಿ ನಿಂತು ಅಂಗೈ ಉರಿಯುವವರೆಗೆ ಚಪ್ಪಾಳೆ ಹೊಡೆದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಕೆಳಗಿನಾಕೆ ಒಂದು ಕೈಯಲ್ಲಿ ಫೋನು ಹಿಡಿದೇ ಇನ್ನೊಂದು ಕೈಯಿಂದ ತೊಡೆಯ ಮೇಲೇ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲ ಹೊರಗೆ ಯಾರೋ ಕೂತರು.

"ರೀ."

"ಬಂದ್ಯಾ?" ಎಂದ ಬೀಗದಣ್ಣ, ಬಾಗಿಲಿಗೆ ಒರಗಿ. "ನೋಡು, ತಪ್ಪು ನಂದೇ. ನೂರಕ್ಕೆ ನೂರು ನಂದೇ. ನೀನು ಕೇಳಿದಾಗಲೇ ಇನ್ನೊಂದು ಕೀಲಿ ಮಾಡಿಕೊಡಬೇಕಿತ್ತು. ನಾನೊಬ್ಬ ಕತ್ತೆ."

"ಹಾಗೆಲ್ಲಾ ಒಳಗಿದ್ದುಕೊಂಡು ಒಪ್ಕೋಬೇಡಿ. ಕೂಡಿಹಾಕಿದಾಗ ಕೊಟ್ಟ ತಪ್ಪೊಪ್ಪಿಗೆ ನಾವು ಲೆಕ್ಕಕ್ಕೆ ತಗೊಳ್ಳಲ್ಲ. ಮೊದಲು ಹೊರಗೆ ಬನ್ನಿ."

"ಹೇಗೆ ಬರೋದು? ಈ ಬೀಗ ಯಾರ ಕೈಲೂ ತೆಗೆಯೋಕಾಗಲ್ಲ."

"ಬೀಗದ ಸುದ್ದಿ ಬಿಡಿ. ಬಾಗಿಲಿಗೆ ಇನ್ನೊಂದು ಬದಿ ಇದೆಯಲ್ಲ, ಹಿಂಜು. ಅದರ ಸ್ಕ್ರೂಗಳು ನಿಮ್ಮ ಕಡೆಗೇ ಇವೆ." ಬಾಗಿಲ ಕೆಳಗಿನ ಸಂದಿಯಿಂದ ಸ್ಕ್ರೂಡ್ರೈವರು ಒಳಗೆ ಜಾರಿತು.

ಬೀಗದಣ್ಣ ನಾಲಿಗೆ ಕಚ್ಚಿಕೊಂಡ. "ಇದು ಬೆಳಿಗ್ಗೆ ನಿನಗೆ ಹೊಳೀಲಿಲ್ವಾ?"

"ಹೊಳೀತು. ಪದವಿ ತಗೊಳ್ಳೋ ದಿನ ಬಾಗಿಲು ಬಿಚ್ತಾ ಕೂರಲಾ? ಬಣ್ಣದೋನನ್ನ ಕರೆದೆ, ಏಣಿ ಹಾಕಿದ, ಇಳಿದು ಹೋದೆ. ಬಸ್ಸಿಂದ ಕೂಗಿದ್ರೆ ತಿರುಗಿ ಕೂಡ ನೋಡಲಿಲ್ಲ ನೀವು."

ಸ್ಕ್ರೂಗಳು ಒಂದೊಂದಾಗಿ ಬಿದ್ದವು. ಬಾಗಿಲು ವಾಲಿತು. ಬೀಗ ಮಾತ್ರ ಚೌಕಟ್ಟನ್ನು ಕಚ್ಚಿಕೊಂಡೇ ಇತ್ತು. ಸಂದಿಯಲ್ಲಿ ನುಸುಳಿ ಹೊರಬಂದ ಬೀಗದಣ್ಣನ ಎದುರು ಹೆಂಡತಿ ನಿಂತಿದ್ದಳು, ಮೈಮೇಲೆ ಗೌನು, ಕಂಕುಳಲ್ಲಿ ಪದವಿಪತ್ರದ ಸುರುಳಿ. ಗೌನು ಇನ್ನೂ ಬಿಚ್ಚಿರಲಿಲ್ಲ. ಬಸ್ಸಿನಲ್ಲೂ ಹಾಗೇ ಬಂದಿದ್ದಳು, ಅವನು ನೋಡಲಿ ಎಂದು. ಇಸ್ತ್ರಿ ಒಂದಿಷ್ಟೂ ಕೆಟ್ಟಿರಲಿಲ್ಲ. ಅವಳು ಇಷ್ಟು ಚೆಂದ ಕಂಡದ್ದನ್ನು ಅವನು ಹಿಂದೆಂದೂ ನೋಡಿರಲಿಲ್ಲ.

"ಈಗ ಹೇಳಿ. ಈಗ ನೀವು ಸ್ವತಂತ್ರರು," ಎಂದಳು.

ಬೀಗದಣ್ಣ ಮೈ ಕೊಡವಿಕೊಂಡ. ಹೊರಗಿನ ಗಾಳಿ ತಾಕಿದ್ದೇ ಬೆನ್ನು ನೆಟ್ಟಗಾಯಿತು, ಮೀಸೆಯ ಮೇಲೆ ಕೈ ಹೋಯಿತು.

"ಅಲ್ಲಾ, ನಿಜ ಹೇಳಬೇಕಂದ್ರೆ ಅದು ಸ್ಪ್ರಿಂಗಿನ ದೋಷ. ಈಗಿನ ಸ್ಪ್ರಿಂಗುಗಳು ಸರಿ ಇರಲ್ಲ. ಅದೂ ಅಲ್ಲದೆ ನೀನು ಅಷ್ಟು ಹೊತ್ತು ಸ್ನಾನ..."

ಹೆಂಡತಿ ತಲೆಯಾಡಿಸಿದಳು. "ನೋಡಿದ್ರಾ? ಅದಕ್ಕೇ ಬಂಧನದಲ್ಲಿ ಕೊಟ್ಟ ತಪ್ಪೊಪ್ಪಿಗೆ ನಂಬಬಾರದು ಅನ್ನೋದು."

ಬೀಗದಣ್ಣ ಮೀಸೆಯಿಂದ ಕೈ ಇಳಿಸಿ, ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ಮೆಟ್ಟಿಲ ಮೇಲೆ ಕೂತ.

"ತಪ್ಪು ನಂದೇ," ಎಂದ. "ಸ್ಪ್ರಿಂಗಿನದ್ದಲ್ಲ."