ಸಾವಕಾಶ ಹೊಡೆಯುವವನಿಗೆ ರುಮಾಲು

ನಮ್ಮ ಚಾಚಾನಷ್ಟು ಧೈರ್ಯವಂತರನ್ನು ನಾನು ಗಜೇಂದ್ರಗಡದಲ್ಲಷ್ಟೇ ಅಲ್ಲ, ಎಲ್ಲಿಯೂ ಕಂಡಿಲ್ಲ. ನಂಬಿಕೆ ಬರುತ್ತಿಲ್ಲವೆ? ಜಗತ್ತಿನ ಪ್ರತಿಯೊಂದು ವಸ್ತುವಿಗೂ ಹೆದರುವ ಮನುಷ್ಯರೊಬ್ಬರು ದಿನಾ ಬೆಳಿಗ್ಗೆ ಎದ್ದು, ಹೊಸ್ತಿಲು ದಾಟಿ, ಬಸ್ ಸ್ಟ್ಯಾಂಡಿನ ಪಕ್ಕದ ತಮ್ಮ ಸೀರೆ ಅಂಗಡಿಯವರೆಗೆ ನಡೆದು ಹೋಗುತ್ತಾರೆಂದರೆ ಅದಕ್ಕೆ ಎಷ್ಟು ಧೈರ್ಯ ಬೇಕು, ಯೋಚಿಸಿ!

ತಿರುಗುವ ಫ್ಯಾನಿನ ಕೆಳಗೆ ಚಾಚಾ ಕೂರುವುದಿಲ್ಲ. ಕುಕ್ಕರ್ ಒಲೆಯ ಮೇಲೇರಿದರೆ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಮೂರು ಸೀಟಿ ಆದ ಮೇಲೆ ಚಾಚಿ ಹೊರಗೆ ಬಂದು, "ಬರ್ರಿ ಒಳಗ, ಅನ್ನ ಏನೂ ಮಾಡಂಗಿಲ್ಲ" ಎಂದು ಕರೆಯಬೇಕು. ನಾನು ಆಗ ರೋಣದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ, ಹಳೆಯ ಬೈಕೊಂದಿತ್ತು. ಅದರ ಹಿಂದೆ ಕೂತರೆ ಎರಡೂ ಕಾಲುಗಳನ್ನು ನೆಲಕ್ಕೆ ಉಜ್ಜುತ್ತಲೇ ಬರುತ್ತಿದ್ದರು. ರೋಣಕ್ಕೆ ಒಮ್ಮೆ ಹೋಗಿ ಬಂದರೆ ಒಂದು ಜೊತೆ ಚಪ್ಪಲಿ ಖಲಾಸ್!

ಈ ಭಯಕ್ಕೆ ಕಾರಣವೇನು? ಚಿಕ್ಕಂದಿನಲ್ಲಿ ಬಾವಿಗೆ ಬಿದ್ದಿದ್ದರು ಎಂದು ಅಬ್ಬಾ ಹೇಳುತ್ತಿದ್ದರು. ಬಿದ್ದದ್ದು ನಾನಲ್ಲ, ನಿಮ್ಮಪ್ಪ ಎಂದು ಚಾಚಾ. ಯಾರೂ ಬಿದ್ದಿಲ್ಲ, ಬಿದ್ದದ್ದು ಕೊಡ ಎಂದು ಅಜ್ಜಿ. ಬಾವಿಯನ್ನೇ ಕಾರಣವಾಗಿ ಇಟ್ಟುಕೊಂಡರೆ ಈ ಬರಹ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದ್ದರಿಂದಲೇ ನನಗೆ ಅದರ ಮೇಲೆ ಅನುಮಾನ. ಬಿಟ್ಟುಬಿಡೋಣ.

ಇಂಥ ಚಾಚಾ ಸಾಕಿದ್ದು ಏನನ್ನು? ಪಾರಿವಾಳವನ್ನೆ? ಮೊಲವನ್ನೆ? ಓಡುವ ಎತ್ತನ್ನು! ಶರ್ಯತ್ತು ಎನ್ನುವ ಖಾಲಿ ಗಾಡಿಯ ಓಟದ ಪಂದ್ಯದಲ್ಲಿ ಗಾಳಿ ಸೀಳಿಕೊಂಡು ಹೋಗುವ ಎತ್ತು. ಕರುವಾಗಿದ್ದಾಗ ಬೇನೆ ಬಿದ್ದದ್ದನ್ನು ಯಾರೋ ಬಿಟ್ಟು ಹೋಗಿದ್ದರಂತೆ. ಚಾಚಾ ಕೈಯಾರೆ ಗಂಜಿ ಕುಡಿಸಿ ಬದುಕಿಸಿದರು. ಬದುಕಿದ ಮೇಲೆ ಅದು ಓಡತೊಡಗಿತು. ಓಡಿಸದಿದ್ದರೆ ಕೊಟ್ಟಿಗೆಯ ಬಾಗಿಲು ಒದೆಯುತ್ತಿತ್ತು. ಚಾಚಾನಿಗೆ ಆ ಸದ್ದಿನ ಭಯ. ಹಾಗಾಗಿ ಯಾವಗಲ್ ಊರಿನ ಗೌಡರ ಎತ್ತಿನೊಂದಿಗೆ ಅದನ್ನು ಜೋಡಿ ಮಾಡಿದರು. ನಮ್ಮ ಕಡೆ ಇದು ಸಾಮಾನ್ಯ: ಒಂದು ನೊಗ, ಇಬ್ಬರು ಮಾಲಕರು, ಗಾಡಿ ಹೊಡೆಯಲು ಒಬ್ಬ ಮೂರನೆಯವ.

ಮೊದಲಿದ್ದ ಆ ಮೂರನೆಯವ ನರಗುಂದದವರ ಜೋಡಿಗೆ ಹೋಗಿಬಿಟ್ಟ. "ಎಲ್ಲಾ ಮಾಲಕ್ರು ಓಡಸೋ ಓಡಸೋ ಅಂತಾರ್ರಿ. ಈ ಮಾಲಕ್ರು ಒಬ್ಬರ ನೋಡ್ರಿ, ಸಾವಕಾಶ ಸಾವಕಾಶ ಅಂತ ಚೀರತಾರ. ಎತ್ತಿಗೂ ಗೊಂದಲ ಆಗತೈತಿ!" ಎಂದನಂತೆ. ಅವನ ಜಾಗಕ್ಕೆ ಗೌಡರು ಕರೆತಂದದ್ದು ಫಕೀರಪ್ಪನನ್ನು.

ಹೊಸಬನಿಗೆ ಮೂರು ಶರ್ಯತ್ತು ಕೊಡುವುದು ಆ ಜೋಡಿಯ ರೂಢಿ. ಮೂರನೆಯದಾದ ಮೇಲೆ ಹಿರಿಯ ಮಾಲಕ ಅಲ್ಲೇ ಜನರ ಮುಂದೆ ಅವನ ತಲೆಗೆ ರುಮಾಲು ಸುತ್ತಿದರೆ ವರ್ಷವಿಡೀ ಕೆಲಸ. ಸುತ್ತದಿದ್ದರೆ ದಾರಿ ನೋಡಿಕೊಳ್ಳಬೇಕು. ಹಿರಿಯ ಮಾಲಕ ಅಂದರೆ ನಮ್ಮ ಚಾಚಾ! ಫಕೀರಪ್ಪನ ದಾರಿ ಇದ್ದದ್ದು ಗೋವಾಕ್ಕೆ.

"ಅಲ್ಲಿ ಕಟ್ಟಡದ ಕೆಲಸಕ್ಕ ಕಟ್ಟಿಗಿ ಮ್ಯಾಲೆ ನಿಂದ್ರಸ್ತಾರ್ರಿ ಮಾಲಕ್ರ. ಕೆಳಗ ನೋಡಿದ್ರ ಕಣ್ಣು ತಿರುಗತೈತಿ. ಕೈ ನಡಗತಾವ. ಮಂದಿ ನಗತಾರ" ಎಂದು ಅವನು ಮೊದಲ ದಿನವೇ ಹೇಳಿದ್ದ. ಗೌಡರೂ ನಕ್ಕರು. ಚಾಚಾ ನಗಲಿಲ್ಲ. ಅವರ ಕಣ್ಣು ಫ್ಯಾನಿನ ಮೇಲಿತ್ತು.

ಇನ್ನು ಚಾಚಾ ಪರೀಕ್ಷೆ ಮಾಡುವ ರೀತಿ ಕೇಳಿ. ಓಟದ ದಾರಿಗೆ ಬೆನ್ನು ತಿರುಗಿಸಿ ನಿಲ್ಲುವುದು. ಕಣ್ಣು ಗಟ್ಟಿಯಾಗಿ ಮುಚ್ಚುವುದು. ನನ್ನ ಮಣಿಕಟ್ಟನ್ನು ಹಿಡಿಯುವುದು. ನಾನು ನೋಡಿ ನೋಡಿ ಹೇಳಬೇಕು, ಅವರು ಕೇಳಿ ಕೇಳಿ ನಡುಗಬೇಕು. ಆ ನಡುಕ ನನ್ನ ಕೈಯಿಂದ ಏರಿ ಎದೆಗೆ ಬರುತ್ತಿತ್ತು. ಹೆದರಿಕೆ ಅಂಟುಜಾಡ್ಯ ಎನ್ನುವುದಕ್ಕೆ ನಾನೇ ಸಾಕ್ಷಿ!

ಮೊದಲ ಶರ್ಯತ್ತು ಯಾವಗಲ್ಲಿನಲ್ಲಿ. ಫಕೀರಪ್ಪ ಎಲ್ಲರಿಗಿಂತ ಕೊನೆಗೆ ಬಂದ. ತಲೆ ತಗ್ಗಿಸಿ ನಿಂತಿದ್ದವನ ಬೆನ್ನು ತಟ್ಟಿ ಚಾಚಾ, "ಭಾಳ ಛಲೋ ಹೊಡದಿ! ಇಂಥವನ್ನ ಎಲ್ಲಿ ಹುಡುಕಿದ್ರಿ ಗೌಡ್ರ!" ಎಂದರು. ಗೌಡರಿಗೆ ಬೀಡಿಯ ಹೊಗೆ ನೆತ್ತಿಗೇರಿತು.

ಎರಡನೆಯದು ನರಗುಂದದ ಹತ್ತಿರ. ನನ್ನ ನೆನಪಿನಲ್ಲಿ ಅಂದು ಧೂಳು ಕೆಂಪಗಿತ್ತು. ಆದರೆ ಅಲ್ಲಿಯ ನೆಲ ಕಪ್ಪು. ಕೆಂಪು ಎಲ್ಲಿಂದ ಬಂತೋ, ಬಹುಶಃ ಗೌಡರ ಕಣ್ಣಿನಿಂದ. ಫಕೀರಪ್ಪ ಎರಡನೆಯವನಾಗಿ ಬಂದ. ಗೌಡರು ಅವನನ್ನು ಅಪ್ಪಿಕೊಂಡರೆ ಚಾಚಾ ಬೆವರು ಒರೆಸಿಕೊಂಡು, "ಹುಡುಗ ಕೆಡಾಕ ಹತ್ಯಾನ" ಎಂದರು.

ಆ ಸಂಜೆ ಫಕೀರಪ್ಪ ಎತ್ತಿಗೆ ನೀರು ಕುಡಿಸುತ್ತ ನನ್ನನ್ನು ಕೇಳಿದ: "ಸರ್, ಗೆದ್ರ ಇವರು ಬೈತಾರ, ಸೋತ್ರ ಅವರು ಬೈತಾರ. ಕಾಲೇಜಿನಾಗ ಇಂಥಾದ್ದಕ್ಕ ಏನರ ಕಲಸ್ತಾರೇನ್ರಿ?"

"ನಮ್ಮ ಪ್ರಿನ್ಸಿಪಾಲರೂ ಹಂಗ ಅದಾರ" ಎಂದೆ. ಅವನು ನಕ್ಕ, ಬಕೆಟ್ಟನ್ನು ಎತ್ತಿನ ಮುಂದೆ ಇನ್ನಷ್ಟು ಸರಿಸಿದ. "ಗೋವಾಕ್ಕ ಹೋಗಾಕ ನನಗ ಆಗಂಗಿಲ್ರಿ ಸರ್" ಎಂದ, ಮೆಲ್ಲಗೆ.

ಮೂರನೆಯದು ಅಸೂಟಿಯಲ್ಲಿ. ಗೌಡರು ಹೊಸ ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ಹಿಂದಿನ ಎರಡೂ ಕಡೆ ಓಟ ನೇರ: ಗಾಡಿಗಳು ಒಮ್ಮೆ ದಾಟಿ ಹೋದರೆ ಮುಗಿಯಿತು. ಅಸೂಟಿಯಲ್ಲಿ ಹಾಗಲ್ಲ. ದೂರದ ಬಾವುಟ ಸುತ್ತಿ, ಅದೇ ದಾರಿಯಲ್ಲಿ ತಿರುಗಿ ಬರಬೇಕು. ಇದನ್ನು ಮೈಕಿನಲ್ಲಿ ಕೂಗಿ ಹೇಳಿದರು. ಚಾಚಾನಿಗೆ ಮೈಕಿನ ಭಯ, ಕಿವಿ ಮುಚ್ಚಿಕೊಂಡಿದ್ದರು.

ಗಾಡಿಗಳು ಗುಡುಗಿನಂತೆ ದಾಟಿ ಹೋದವು. ಸದ್ದು ದೂರವಾಯಿತು. ಮುಗಿಯಿತೆಂದು ತಿಳಿದ ಚಾಚಾ ನನ್ನ ಕೈ ಬಿಟ್ಟರು. ನಾನು ಬಾವುಟದ ಕಡೆ ನೋಡುತ್ತಿದ್ದೆ. ಜನ ಅವರನ್ನು ತಳ್ಳಿದರು, ಕೂಗಿದರು, ಸೀಟಿ ಹೊಡೆದರು. ಚಾಚಾನಿಗೆ ಜನರ ಭಯವೂ ಇದೆ ಎಂದು ಹೇಳಿದೆನೆ? ಕಣ್ಣು ಮುಚ್ಚಿಕೊಂಡೇ ಅವರು ಖಾಲಿ ಜಾಗ ಹುಡುಕುತ್ತ ಹೊರಟರು. ಅಷ್ಟು ಜನ ಸೇರಿದ ಹೊಲದಲ್ಲಿ ಖಾಲಿ ಜಾಗ ಇದ್ದದ್ದು ಒಂದೇ ಕಡೆ. ಓಟದ ದಾರಿಯ ನಡುವೆ!

ನಾನು ತಿರುಗಿ ನೋಡುವಷ್ಟರಲ್ಲಿ ಚಾಚಾ ಅಲ್ಲಿ ನಿಂತು ನೆಮ್ಮದಿಯಿಂದ ಉಸಿರು ಬಿಡುತ್ತಿದ್ದರು. ಅವರ ಬೆನ್ನ ಹಿಂದೆ, ಎಲ್ಲರಿಗಿಂತ ಮುಂದೆ, ನಮ್ಮದೇ ಜೋಡಿ ಬರುತ್ತಿತ್ತು.

ನಾನು ಕೂಗಿದ್ದು ಜನರ ಗದ್ದಲದಲ್ಲಿ ಮುಳುಗಿತು. ಚಕ್ರದ ಸದ್ದಷ್ಟೇ ದೊಡ್ಡದಾಗುತ್ತಿತ್ತು. ಫಕೀರಪ್ಪ ಬಾರಕೋಲು ಎಸೆದು, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಮೈಯನ್ನೆಲ್ಲ ಹಿಂದಕ್ಕೆ ಚೆಲ್ಲಿದ. ಎತ್ತುಗಳ ಕಾಲು ಮಣ್ಣು ಬಗೆದವು. ಗಾಡಿ ಒಂದು ಮಗ್ಗುಲಿಗೆ ಎದ್ದು, ಮತ್ತೆ ಚಕ್ರದ ಮೇಲೇ ಬಿದ್ದು ನಿಂತಿತು. ಫಕೀರಪ್ಪ ಹಾರಿ ಬದಿಯಲ್ಲಿ ಉರುಳಿದ. ಉಳಿದ ಗಾಡಿಗಳು ಪಕ್ಕದಿಂದ ಭೋರೆಂದು ಮುಂದೆ ಹೋದವು.

ಚಾಚಾ ಕಣ್ಣು ತೆರೆದದ್ದು ಕುತ್ತಿಗೆಗೆ ಬಿಸಿ ಉಸಿರು ತಾಗಿದಾಗ. ತಿರುಗಿದರೆ ಅವರೇ ಗಂಜಿ ಕುಡಿಸಿದ ಎತ್ತು. ಅದರಾಚೆ, ಬಲಗೈಯನ್ನು ಎಡಗೈಯಲ್ಲಿ ಹಿಡಿದು ಮಣ್ಣಿನಲ್ಲಿ ಕೂತ ಫಕೀರಪ್ಪ.

ಗೌಡರು ಓಡಿ ಬಂದರು. "ಗೆದ್ದ ಶರ್ಯತ್ತು ಕೈ ಬಿಟ್ಟಾ! ಬಾಜೂಕ ತಿರುಗಿಸಿ ಹೊಡೀಬೇಕಿಲ್ಲೇನೊ? ಇನ್ನೇನು ಪರೀಕ್ಷಾ ಸಾಬ್ರ? ಕಳಸ್ರಿ ಗೋವಾಕ್ಕ!"

ಚಾಚಾ ಗೌಡರ ಕಂಕುಳಿನಿಂದ ರುಮಾಲು ಎಳೆದುಕೊಂಡು ಹೋಗಿ ಫಕೀರಪ್ಪನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಅವನ ಮುರಿದ ಕೈಯನ್ನು ಎದೆಗೆ ಸೇರಿಸಿ, ರುಮಾಲಿನಿಂದ ಜೋಳಿಗೆಯ ಹಾಗೆ ಕಟ್ಟತೊಡಗಿದರು.

"ರುಮಾಲು ತಲೀಗೆ ಸುತ್ತತಾರ್ರಿ ಸಾಬ್ರ!" ಗೌಡರು ಚೀರಿದರು.

"ತಲಿ ಛಲೋ ಐತಿ" ಎಂದರು ಚಾಚಾ. "ಮುರದದ್ದು ಕೈ."

ಹೀಗೇ ನಡೆಯಿತೆ? ಆ ಮಾತು ಆಡಿದ್ದು ಫಕೀರಪ್ಪ ಎಂದು ಗೌಡರು ಈಗಲೂ ವಾದಿಸುತ್ತಾರೆ. ಇರಬಹುದು. ಮುಂದಿನದಕ್ಕೆ ಮಾತ್ರ ನಾನೊಬ್ಬನೇ ಸಾಕ್ಷಿ, ಹಾಗಾಗಿ ನೀವು ಅನುಮಾನಿಸಬೇಕು.

ರೋಣದ ದವಾಖಾನೆಗೆ ಬೈಕಿನಲ್ಲಿ ಒಯ್ಯುತ್ತೇನೆಂದೆ. "ಬೈಕಾ? ಕೈ ಮುರದೈತಿ, ತಲಿನೂ ಒಡೀಬೇಕೇನು?" ಎಂದ ಚಾಚಾ ಗಾಡಿಗೆ ಹುಲ್ಲು ಹಾಸಿ ಫಕೀರಪ್ಪನನ್ನು ಕೂರಿಸಿದರು. ಆಮೇಲೆ, ಹುಟ್ಟಿದಾರಭ್ಯ ಮುಟ್ಟದ ಆ ಹಗ್ಗವನ್ನು ತಾವೇ ಹಿಡಿದರು. ಪಕ್ಕದಲ್ಲಿ ಬೈಕ್ ಮೇಲೆ ನಾನು. ಗಾಡಿ ಎಷ್ಟು ನಿಧಾನ ಹೋಗುತ್ತಿತ್ತೆಂದರೆ ಬೈಕು ಬೀಳದ ಹಾಗೆ ಈ ಸಲ ನಾನು ಎರಡೂ ಕಾಲು ನೆಲಕ್ಕೆ ಉಜ್ಜುತ್ತಿದ್ದೆ. ಶರ್ಯತ್ತಿನ ಎತ್ತುಗಳು ದಾರಿಬದಿಯ ಹುಲ್ಲು ಮೇಯುತ್ತ ನಡೆದಿದ್ದವು.

"ಫಕೀರಾ," ಎಂದರು ಚಾಚಾ, ಹಿಂದೆ ನೋಡದೆ. "ಹ್ಯಾಂಗ ಹೊಡ್ಯಾಕ ಹತ್ತೇನೊ?"

ಅವನು ನೋವಿನಲ್ಲೇ ಎತ್ತುಗಳನ್ನು ನೋಡಿದ, ನನ್ನ ಚಪ್ಪಲಿ ನೋಡಿದ, ಚಾಚಾನ ನಡುಗುವ ಕೈ ನೋಡಿದ.

"ಭಾಳ ಜೋರ ಆತ್ರಿ ಮಾಲಕ್ರ. ಸ್ವಲ್ಪ ಸಾವಕಾಶ."

ಚಾಚಾ ಹಗ್ಗವನ್ನು ಇನ್ನಷ್ಟು ಎಳೆದು ಹಿಡಿದರು. ಅವರ ಎರಡೂ ಕಣ್ಣು ತೆರೆದಿದ್ದವು. ಆದರೆ ಒದ್ದೆಯಾದ ಆ ಕಣ್ಣಿಗೆ ದಾರಿ ಕಾಣುತ್ತಿತ್ತೋ ಇಲ್ಲವೋ, ಹೇಳಲಾರೆ.