ಕಪ್ಪೆಯನ್ನೂ ನಂಬದ ಮಾಮಾ

ನಮ್ಮ ಮಾಮಾ, ಅಂದರೆ ಅವ್ವನ ಖಾಸಾ ತಮ್ಮ, ಈ ಜಗತ್ತಿನಲ್ಲಿ ಯಾರನ್ನೂ ನಂಬಿದವರಲ್ಲ. ಈ ಮಾತನ್ನು ಅವರ ಮುಂದೆ ಹೇಳಿ ನೋಡಿ, ಅದನ್ನೂ ನಂಬುವುದಿಲ್ಲ!

ರಾಣೇಬೆನ್ನೂರಿನ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರದ ಮುಖ್ಯಸ್ಥರು. ಬ್ಯಾಡಗಿಯಿಂದ ದಿನಾ ಬಸ್ಸು. ಬೋರ್ಡು ಓದಿದರೆ ಸಾಲದು. ಕಂಡಕ್ಟರು, ಡ್ರೈವರು, ಕಿಟಕಿ ಪಕ್ಕದ ಅಜ್ಜಿ, ಹೀಗೆ ಮೂವರು ಹೂಂ ಅಂದ ಮೇಲೆಯೇ ಹತ್ತುವುದು.

“ಸರ, ಇಪ್ಪತ್ತ ವರ್ಷಾತು, ಈ ಬಸ್ಸು ರಾಣೇಬೆನ್ನೂರಿಗೇ ಹೊಂಟೈತಿ,” ಎಂದ ಕಂಡಕ್ಟರ್ ಒಮ್ಮೆ.

“ನಿನ್ನಿ ಹೋಗಿತ್ತು ಅಂತ ಇವತ್ತೂ ಹೋಗಬೇಕಂತ ಎಲ್ಲೈತಿ?”

ಪ್ರಯೋಗಾಲಯದಲ್ಲಿ ಅವರ ಅನುಮಾನ ಕಪ್ಪೆಯ ಮೇಲೆ. ಕ್ಲೋರೋಫಾರ್ಮ್ ಕೊಟ್ಟು ಮಲಗಿಸಿದ ಕಪ್ಪೆಯ ಕಾಲ್ಬೆರಳನ್ನು ಮೂರು ಸಲ ಚಿವುಟಿ ನೋಡದೆ ಯಾರಿಗೂ ಕೊಯ್ಯಲು ಬಿಡುತ್ತಿರಲಿಲ್ಲ. “ತಡೀರಿ, ಇದು ಮಲಗಿದಂಗ ನಾಟಕ ಮಾಡಾಕತ್ತೈತಿ,” ಎನ್ನುವರು. ಕಪ್ಪೆ ಯಾವ ಕಂಪನಿ ನಾಟಕದ್ದು ಎಂದು ಅವರ ವಿದ್ಯಾರ್ಥಿಗಳಾದ ನಾವು ಹಿಂದೆ ನಿಂತು ಮುಸಿಮುಸಿ ನಗುತ್ತಿದ್ದೆವು.

ನಗುತ್ತಿದ್ದ ನಾನೇ ಸಿಕ್ಕಿಬಿದ್ದೆ. ಕಪ್ಪೆ ಕೊಯ್ಯಲು ಮನಸ್ಸಾಗದೆ ಕತ್ತರಿಯನ್ನು ಟ್ರೇಯಲ್ಲೇ ಇಟ್ಟುಬಿಡುತ್ತಿದ್ದೆ. ಕೊಯ್ಯದಿದ್ದರೆ ಪ್ರಾಕ್ಟಿಕಲ್ ಫೇಲು. ಫೇಲಾದರೆ ಟೀಚರ್ ಆಗುವ ನನ್ನ ಆಸೆ ಅಲ್ಲಿಗೇ ಮುಗಿದಂತೆ. ಕಾಲೇಜಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು, ಜೊತೆಗೆ ಕಪ್ಪೆ ಕೊಯ್ಯುವುದನ್ನು ಪರದೆಯ ಮೇಲೆ ತೋರಿಸುವ ಒಂದು ಸಿ.ಡಿ. ಕೂಡ. ನಿಜವಾದ ಕಪ್ಪೆಯ ಬದಲು ಸಿ.ಡಿ. ಮತ್ತು ಕಪ್ಪೆಯ ಮಾದರಿಯ ಮೇಲೆ ನನ್ನನ್ನು ಪರೀಕ್ಷಿಸಿ ಎಂದು ಅರ್ಜಿ ಬರೆದೆ. ಅದಕ್ಕೆ ಮಾಮಾನ ಸಹಿಯೇ ಬೇಕು!

“ಯಾರು ಬರಕೊಟ್ರು ಇದನ್ನ?”

“ನಾನ ಬರದೇನ್ರಿ ಮಾಮಾ.”

“ನೀ ಬರದ್ರ ತಪ್ಪು ಇಷ್ಟು ಕಡಿಮಿ ಇರಂಗಿಲ್ಲ.”

ಸಿ.ಡಿ. ಹಾಕಿ ತೋರಿಸಿದೆ. ಒಂದು ಗುಂಡಿ ಒತ್ತಿದರೆ ಕಪ್ಪೆಯ ಹೊಟ್ಟೆ ತೆರೆಯಿತು, ಇನ್ನೊಂದು ಒತ್ತಿದರೆ ಮುಚ್ಚಿತು. ಮಾಮಾ ಎದ್ದು ಕಂಪ್ಯೂಟರಿನ ಬೆನ್ನನ್ನು ಇಣುಕಿ ನೋಡಿದರು. “ಕೊಯ್ದಿದ್ದು ತಿರುಗಿ ಎದ್ದು ಕುಂದ್ರತೈತಿ ಅಂದ್ರ ಏನೋ ಮೋಸ ಐತಿ,” ಎಂದರು.

ಮರುದಿನ ಚಪಾತಿ ಕಣಕದ ಕಪ್ಪೆ ಮಾಡಿಕೊಂಡು ಹೋದೆ. ಕರುಳಿಗೆ ಶಾವಿಗೆ, ಯಕೃತ್ತಿಗೆ ಬ್ಯಾಡಗಿ ಮೆಣಸಿನಕಾಯಿ, ಹೃದಯದ ಮೂರು ಕೋಣೆಗಳಿಗೆ ಮೂರು ಹುಣಸೆಬೀಜ. ಒಂದೊಂದೇ ತೋರಿಸಿ ಹೆಸರು ಹೇಳಿದೆ. ಮಾಮಾ ತಪ್ಪು ಹುಡುಕಿದರು, ಸಿಗಲಿಲ್ಲ. ಆಮೇಲೆ ಕೈ ಚಾಚಿ, ರೂಢಿಯಂತೆ ಅದರ ಕಾಲ್ಬೆರಳನ್ನು ಚಿವುಟಿದರು. ಒಂದು, ಎರಡು, ಮೂರು. ಬೆರಳು ಕಿತ್ತು ಅವರ ಕೈಗೇ ಬಂತು.

ನಾನು ನಕ್ಕೆ. ಅವರು ನಗಲಿಲ್ಲ. ಕಣಕದ ಚೂರನ್ನೇ ನೋಡುತ್ತ ಕುಳಿತರು.

“ಇಪ್ಪತ್ತ ವರ್ಷ ಚಿವುಟೇನವಾ. ಅವಕ್ಕ ಖರೇನ ನೋವಾಗತಿರಲಿಲ್ಲೋ ಏನೋ, ನನಗಿನ್ನೂ ಸಂಶಯ ಹೋಗಿಲ್ಲ.”

ಇಷ್ಟು ದಿನ ನಾವು ನಕ್ಕಿದ್ದು ಇದಕ್ಕೇ?

ಮಾಮಾ ಆ ಚೂರನ್ನು ಕಣಕದ ಕಪ್ಪೆಯ ಪಕ್ಕ ಇಟ್ಟು ಕೇಳಿದರು, “ಇದಕ್ಕ ನೋವಾಗಂಗಿಲ್ಲ ಹೌದಲ್ಲ?”

“ಆಗಂಗಿಲ್ರಿ ಮಾಮಾ.”

ಅವರು ಇನ್ನಿಬ್ಬರನ್ನು ಕೇಳಲಿಲ್ಲ. ಪೆನ್ನು ತೆಗೆದು ಅರ್ಜಿಗೆ ಸಹಿ ಹಾಕಿದರು.