ಮಾಫಿಯ ಹನ್ನೊಂದು ಹಿಕ್ಕೆ

ಮೊಲ ಸಾಕುವುದರ ವಿರುದ್ಧ ಯಜ್ಞೇಶನ ಬಳಿ ಒಂಬತ್ತು ಕಾರಣಗಳಿದ್ದವು. ಕತಾರಿನ ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್ ಆಗಿದ್ದ ಅವನು ಆ ಒಂಬತ್ತನ್ನೂ ಕಾಗದದಲ್ಲಿ ಬರೆದು, ಯಾವುದರ ಅಪಾಯ ಎಷ್ಟೆಂಬುದನ್ನು ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಗುರುತಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ. ಮೊದಲನೆಯದು, ಕರೆಂಟಿನ ವಯರು ಕಡಿಯುತ್ತದೆ ಎಂಬುದು. ಒಂಬತ್ತನೆಯದು, ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇಲ್ಲದಂತಾಗುತ್ತದೆ ಎಂಬುದು. ಮೊಲ ಬಂದ ಮೂರನೆಯ ದಿನ ಹಿಂಗಾಲಿನ ಮೇಲೆ ನಿಂತು ಆ ಕಾಗದದ ಕೆಳಗಿನ ಅಂಚನ್ನು ತಿಂದು ಮುಗಿಸಿತು. ಹೋದದ್ದು ಒಂಬತ್ತನೆಯ ಕಾರಣ.

ಹನ್ನೊಂದು ವರ್ಷದ ಮಗಳು ಅಶ್ವಿತಾ ಅದಕ್ಕೆ ಮಫಿನ್ ಎಂದು ಹೆಸರಿಟ್ಟಳು. ಯಜ್ಞೇಶನ ಬಾಯಲ್ಲಿ ಅದು ಮಾಫಿ ಆಯಿತು. ಗಲ್ಫಿನಲ್ಲಿ ಮಾಫಿ ಎಂದರೆ 'ಇಲ್ಲ'. ಮಸಾಲೆ ಇದೆಯಾ ಎಂದರೆ ಮಾಫಿ, ಪಾರ್ಕಿಂಗ್ ಇದೆಯಾ ಎಂದರೆ ಮಾಫಿ. ತನ್ನ ಮಟ್ಟಿಗೆ ಈ ಪ್ರಾಣಿ ಇಲ್ಲವೆಂದೇ ಲೆಕ್ಕ ಎಂಬುದನ್ನು ಇದಕ್ಕಿಂತ ಚುಟುಕಾಗಿ ಹೇಳುವುದು ಸಾಧ್ಯವಿಲ್ಲ ಎಂದು ಅವನು ಬೀಗಿದ. ತಮಾಷೆಯೆಂದರೆ ಮೊಲ ಆ ಹೆಸರಿಗೇ ಕಿವಿ ನಿಮಿರಿಸಲು ಕಲಿತಿತು.

ಹೀಗಿರುವಾಗ ಹೆಂಡತಿ ಶರ್ಮಿಳಾಳ ತಂಗಿಗೆ ಕಾರ್ಕಳದಲ್ಲಿ ಸೀಮಂತ ನಿಶ್ಚಯವಾಯಿತು. ಅಶ್ವಿತಾಳ ಶಾಲೆಗೂ ಒಂದು ವಾರದ ರಜೆ ಇತ್ತು. ಶನಿವಾರ ಹೋಗಿ ಮುಂದಿನ ಶನಿವಾರ ಸಂಜೆ ಬರುವುದೆಂದು ತಾಯಿ ಮಗಳು ಹೊರಟರು. ಯಜ್ಞೇಶನಿಗೆ ರಜೆ ಸಿಗಲಿಲ್ಲ. ಮೊಲಕ್ಕಂತೂ ಪಾಸ್‌ಪೋರ್ಟೇ ಇರಲಿಲ್ಲ.

"ಹುಲ್ಲು, ನೀರು, ಸಂಜೆಗೆ ನಾಲ್ಕು ದಂಟು ಕೊತ್ತಂಬರಿ. ಅಷ್ಟೇ. ಬೇರೆ ಎಂತದ್ದೂ ಕೊಡ್ಲಿಕ್ಕಿಲ್ಲ," ಎಂದಳು ಶರ್ಮಿಳಾ.

"ನಾನ್ಯಾಕೆ ಕೊಡ್ಲಿ? ಅದರ ಮುಖ ನೋಡ್ಲಿಕ್ಕೂ ನನಗೆ ಪುರುಸೊತ್ತಿಲ್ಲ."

"ಪಪ್ಪಾ, ಓನ್ಲಿ ಹುಲ್ಲು. ಪ್ರಾಮಿಸ್ ಮಾಡು," ಎಂದು ಅಶ್ವಿತಾ ಕೈ ಚಾಚಿದಳು. ಯಜ್ಞೇಶ ಕೈಗೆ ಕೈ ಸೇರಿಸಿದ.

ಎರಡು ದಿನ ಮಾತು ಉಳಿಸಿಕೊಂಡ. ಮೂರನೆಯ ದಿನ, ಶರ್ಮಿಳಾ ಮಾಡಿಟ್ಟು ಹೋದ ಡಬ್ಬಿಯ ಪಲ್ಯವನ್ನು ಬಿಸಿ ಮಾಡಿಕೊಂಡು ಊಟಕ್ಕೆ ಕೂತಾಗ ಎದುರಿಗೆ ಮೊಲ ಒಣಹುಲ್ಲು ಜಗಿಯುತ್ತಿರುವುದು ಕಂಡಿತು. ಬೆಳಗ್ಗೆ ಹುಲ್ಲು, ಮಧ್ಯಾಹ್ನ ಹುಲ್ಲು, ರಾತ್ರಿ ಹುಲ್ಲು. ಕತಾರಿಗೆ ಬಂದ ಹೊಸತರಲ್ಲಿ ತಾನು ಮೂರು ಹೊತ್ತೂ ಕುಬೂಸ್ ರೊಟ್ಟಿ ಹರಿದು ಬೇಳೆಯಲ್ಲಿ ಅದ್ದಿ ತಿಂದದ್ದು ಅವನಿಗೆ ನೆನಪಾಯಿತು. ಕರುಳು ಚುರ್ ಎಂದಿತು. ಅರ್ಧ ಚಪಾತಿ ಮುರಿದು ಮುಂದಿಟ್ಟ. ಮಾಫಿ ಅದನ್ನು ಎರಡೇ ನಿಮಿಷದಲ್ಲಿ ತಿಂದು, ಎರಡು ಕಾಲ ಮೇಲೆ ನಿಂತು, ಇನ್ನೂ ಇದೆಯಾ ಎಂಬಂತೆ ಅವನ ಮೊಣಕಾಲಿಗೆ ಕೈಯಿಟ್ಟಿತು. ಯಜ್ಞೇಶನ ಅಡುಗೆಮನೆ ಸೇವೆಗೆ ಇಂಥ ಮೆಚ್ಚುಗೆ ಹಿಂದೆಂದೂ ಬಂದಿರಲಿಲ್ಲ.

ಮರುದಿನ ಬಾಳೆಹಣ್ಣು. ಬುಧವಾರ ಬೆಲ್ಲ ಕಲಸಿದ ಅವಲಕ್ಕಿ. ಗುರುವಾರ ಚಹಾದಲ್ಲಿ ಅದ್ದಿದ ಬಿಸ್ಕತ್ತು. ತಿನ್ನಿಸುತ್ತ ಅವನು ಆಫೀಸಿನ ಕಷ್ಟಸುಖ ಹೇಳಿಕೊಳ್ಳುತ್ತಿದ್ದ. ಮಧ್ಯೆ ಬಾಯಿ ಹಾಕದೆ ಅವನ ಮಾತನ್ನು ಪೂರ್ತಿ ಕೇಳಿದವರು ಆ ಮನೆಯಲ್ಲಿ ಅದೇ ಮೊದಲು.

ಶುಕ್ರವಾರ ಬೆಳಗ್ಗೆ ಮಾಫಿ ಎದ್ದು ಬರಲಿಲ್ಲ.

ಸೋಫಾದ ಹಿಂದೆ, ಗೋಡೆಗೆ ಬೆನ್ನು ಹಚ್ಚಿ, ಮೈಯನ್ನು ಉಂಡೆ ಮಾಡಿಕೊಂಡು ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಬಿಸ್ಕತ್ತು ಹಿಡಿದರೆ ಮುಖ ತಿರುಗಿಸಿತು. ಹತ್ತಿರ ಕಿವಿಯಿಟ್ಟರೆ ಹಲ್ಲು ಕಡಿಯುವ ಸಣ್ಣ ಸದ್ದು. ಅದರ ಕಕ್ಕಸಿನ ತಟ್ಟೆ ನೋಡಿದ. ದಿನಾ ಬೆಳಗ್ಗೆ ಗುಡಿಸಿ ಗುಡಿಸಿ ಬೈಯುತ್ತಿದ್ದ ಹಿಕ್ಕೆ ಒಂದೂ ಇಲ್ಲ.

ಫೋನಿನಲ್ಲಿ ಹುಡುಕಿದ. ಮೊಲ ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಕರುಳು ನಿಂತುಹೋಗಿರಬಹುದು, ಜೀವಕ್ಕೇ ಅಪಾಯ ಎಂದಿತ್ತು. ನಿನ್ನೆ ಸಂಜೆ ಆರಕ್ಕೆ ಬಿಸ್ಕತ್ತು ತಿಂದದ್ದು. ಈಗ ಏಳು. ಯಜ್ಞೇಶ ಬೆರಳು ಮಡಚಿ ಎಣಿಸಿದ. ಹದಿಮೂರು. ತಪ್ಪಿರಬಹುದೆಂದು ಇನ್ನೊಮ್ಮೆ ಎಣಿಸಿದ. ಅಷ್ಟರಲ್ಲಿ ಹದಿಮೂರೂ ಕಾಲು ಆಯಿತು.

ಶುಕ್ರವಾರವಾದ್ದರಿಂದ ಅವನಿಗೆ ಸಿಕ್ಕ ಒಂದೇ ಪ್ರಾಣಿಗಳ ಕ್ಲಿನಿಕ್ಕು ತೆರೆಯುವುದು ಮಧ್ಯಾಹ್ನದ ನಮಾಜು ಮುಗಿದ ಮೇಲೆ, ಒಂದೂವರೆಗೆ. ಅವನು ಹನ್ನೊಂದೂವರೆಗೇ ಬಟ್ಟೆಯ ಬುಟ್ಟಿಯಲ್ಲಿ ತನ್ನ ಒಳ್ಳೆಯ ಸ್ನಾನದ ಬೈರಾಸು ಹಾಸಿ, ಮೊಲವನ್ನು ಕೂರಿಸಿ, ಮನೆಯಿದ್ದ ವಕ್ರಾದಿಂದ ದೋಹಾಕ್ಕೆ ಹೋಗಿ, ಮುಚ್ಚಿದ ಬಾಗಿಲೆದುರು ಕಾರು ನಿಲ್ಲಿಸಿ ಎಸಿ ಹಾಕಿಕೊಂಡು ಕೂತ. ಆಗಲೇ ಶರ್ಮಿಳಾಳ ವಿಡಿಯೋ ಕಾಲ್ ಬಂತು.

"ಎಲ್ಲಿದ್ದೀರಿ?"

"ಕಾರಿನಲ್ಲಿ. ಕಾರಿಗೆ ಸ್ವಲ್ಪ ಹುಷಾರಿಲ್ಲ."

"ಮಾಫಿ ಹೇಗುಂಟು?"

"ಉಂಟು."

"ಉಂಟು ಅಂದ್ರೆ ಎಂತ ಮಾರಾಯ್ರೆ? ಇವಳಿಗೆ ತೋರ್ಸಿ ಒಮ್ಮೆ."

"ಮನೆಯಲ್ಲುಂಟಲ್ಲ, ಮಲಗಿದೆ," ಎಂದು ಯಜ್ಞೇಶ ಪಕ್ಕದ ಸೀಟಿನ ಬುಟ್ಟಿಯ ಮೇಲೆ ಕೈ ಅಡ್ಡ ಹಿಡಿದ. ಅಂಗೈಯ ಕೆಳಗೆ ಮೊಲದ ಉಸಿರು ಪಟಪಟ ಬಡಿಯುತ್ತಿತ್ತು. ಹಿಂದಿನಿಂದ ಅಶ್ವಿತಾಳ ದನಿ ಕೇಳಿತು: "ಪಪ್ಪಾ, ಅದಕ್ಕೆ ನಾನು ಹಾಯ್ ಹೇಳಿದೆ ಅಂತ ಹೇಳು." ಹೇಳುತ್ತೇನೆಂದು ಫೋನಿಟ್ಟ. ಇಟ್ಟ ಮೇಲೆ ಬುಟ್ಟಿಯತ್ತ ಬಗ್ಗಿ ನಿಜವಾಗಿಯೂ ಹೇಳಿದ.

ಕ್ಲಿನಿಕ್ಕಿನ ಕೌಂಟರಿನಲ್ಲಿದ್ದ ನರ್ಸ್ ಇಂಗ್ಲಿಷಿನಲ್ಲಿ ಹೆಸರು ಕೇಳಿದಳು.

"ಯಜ್ಞೇಶ್."

"ನಿಮ್ಮದಲ್ಲ, ಪೇಶೆಂಟಿನದು."

"ಮಾಫಿ."

ಅವಳು 'ಹೆಸರಿಲ್ಲ' ಎಂದು ಬರೆದುಕೊಂಡಳು. ಯಜ್ಞೇಶ ಬುಟ್ಟಿಗೆ ಬಗ್ಗಿ, "ಒಂಚೂರು ತಡ್ಕೊ ಮಾರಾಯ, ಈಗ ಡಾಕ್ಟ್ರು ನೋಡ್ತಾರೆ," ಎಂದದ್ದೇ ಅವಳು ಪೆನ್ನು ಕೆಳಗಿಟ್ಟು ಕನ್ನಡಕ್ಕೆ ಇಳಿದಳು. ಅವಳು ಉಡುಪಿ ಕಡೆಯ ಶಿರ್ವದ ಉರ್ಸುಲಾ. "ಹೆಸರಿಲ್ಲದೆ ಫೈಲ್ ಮಾಡ್ಲಿಕ್ಕೆ ಆಗುದಿಲ್ಲ ಸರ್."

"ಹೆಸರೇ ಮಾಫಿ."

ಒಳಗೆ ಈಜಿಪ್ಟಿನ ಡಾಕ್ಟರು ಮೊಲದ ಹೊಟ್ಟೆ ಒತ್ತಿ ನೋಡುತ್ತ ಕೇಳಿದರು: "ಹಿಕ್ಕೆ?"

"ಮಾಫಿ."

"ಹೆಸರು ಫೈಲಿನಲ್ಲಿದೆ. ನಾನು ಕೇಳಿದ್ದು ಹಿಕ್ಕೆ."

ಎಕ್ಸ್‌ರೇಯಲ್ಲಿ ಹೊಟ್ಟೆಯ ತುಂಬ ಗಾಳಿ. ಏನು ತಿನ್ನಿಸಿದ್ದೀರಿ ಎಂಬ ಪ್ರಶ್ನೆಗೆ ಯಜ್ಞೇಶ ಗೋಡೆ ನೋಡುತ್ತ "ಹುಲ್ಲು" ಎಂದ. ಹುಲ್ಲು ತಿಂದ ಮೊಲಕ್ಕೆ ಹೀಗಾಗುವುದಿಲ್ಲ ಎಂದರು ಡಾಕ್ಟರು. ಉರ್ಸುಲಾ ಮೆಲ್ಲಗೆ, "ಸತ್ಯ ಹೇಳಿ ಸರ್. ಅದಕ್ಕೆ ಹೇಳ್ಲಿಕ್ಕೆ ಬಾಯಿಲ್ಲ," ಎಂದಳು.

ಹನ್ನೊಂದು ವರ್ಷ ಬೇರೆಯವರ ತಪ್ಪುಗಳನ್ನು ವಿಚಾರಣೆ ಮಾಡಿ ವರದಿ ಬರೆದ ಯಜ್ಞೇಶ ಮೊದಲ ಬಾರಿಗೆ ತಪ್ಪಿತಸ್ಥನ ಕುರ್ಚಿಯಲ್ಲಿ ಕೂತು ಒಪ್ಪಿಕೊಂಡ. ಉರ್ಸುಲಾ ಒಂದೊಂದಾಗಿ ಇಂಗ್ಲಿಷಿಗೆ ಇಳಿಸಿದಳು. ಚಪಾತಿಗೆ ಡಾಕ್ಟರು ತಲೆಯಾಡಿಸಿದರು. ಬಾಳೆಹಣ್ಣಿಗೆ ಕನ್ನಡಕ ತೆಗೆದರು. ಬಿಸ್ಕತ್ತಿಗೆ ಕಣ್ಣುಜ್ಜಿಕೊಂಡರು. ಅವಲಕ್ಕಿಗೆ ಉರ್ಸುಲಾ ತಡವರಿಸಿ, ಬೇಯಿಸಿ ಜಜ್ಜಿ ಚಪ್ಪಟೆ ಮಾಡಿದ ಅಕ್ಕಿ, ಬೆಲ್ಲದ ಜೊತೆಗೆ ಎಂದಾಗ ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡು ಯಜ್ಞೇಶನನ್ನೇ ಪರೀಕ್ಷಿಸುವಂತೆ ನೋಡಿದರು.

ನೋವಿಗೊಂದು, ಕರುಳಿಗೊಂದು ಇಂಜೆಕ್ಷನ್ ಆಯಿತು. ಹುಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ ನಾಲ್ಕು ಗಂಟೆಗೊಮ್ಮೆ ಸಿರಿಂಜಿನಲ್ಲಿ ತಿನ್ನಿಸಬೇಕು. ಹೊಟ್ಟೆ ನೀವಬೇಕು. ನಾಳೆ ಮಧ್ಯಾಹ್ನದೊಳಗೆ ಹಿಕ್ಕೆ ಬಂದರೆ ಬದುಕಿತು. ಬರದಿದ್ದರೆ ಎಂದು ಕೇಳಲು ಯಜ್ಞೇಶನಿಗೆ ಧೈರ್ಯವಾಗಲಿಲ್ಲ. "ಎಷ್ಟು ಹಿಕ್ಕೆ ಬಂತು ಅಂತ ಬೆಳಗ್ಗೆ ಕ್ಲಿನಿಕ್ಕಿಗೆ ವಾಟ್ಸಾಪ್ ಮಾಡಿ," ಎಂದಳು ಉರ್ಸುಲಾ. "ಸರಿಯಾಗಿ ಎಣಿಸಿ."

ನಾಳೆ ಸಂಜೆ ಆರಕ್ಕೆ ಅಶ್ವಿತಾಳ ವಿಮಾನ ಇಳಿಯುತ್ತಿತ್ತು.

ಮನೆಗೆ ಬಂದು ಮೊಲವನ್ನು ಬೈರಾಸಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಸಿರಿಂಜು ಬಾಯಿಗಿಟ್ಟ. ಮೊದಲ ಗುಟುಕು ಅವನ ಕನ್ನಡಕಕ್ಕೆ ಬಂತು, ಎರಡನೆಯದು ಗೋಡೆಗೆ. ಮೂರನೆಯದು ಒಳಗೆ ಹೋಯಿತೆಂದು ಸಮಾಧಾನಪಡುವಷ್ಟರಲ್ಲಿ ಅದೂ ಅಂಗಿಯ ಮೇಲೆ ಇಳಿಯಿತು. "ತಿನ್ನು ಮಗಾ, ಒಂದೇ ಒಂದು," ಎಂದು ಅವನು ಗೋಗರೆದ. ಈ ಮಾತನ್ನು ಅವನು ಅಶ್ವಿತಾಳಿಗೆ ಎಂದೂ ಹೇಳಿದವನಲ್ಲ. ಅವಳು ಹುಟ್ಟಿದಾಗ ಅವನು ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯ ಕೋಣೆಯಲ್ಲಿ ಐದು ಜನರ ಜೊತೆ ಇದ್ದ. ಮಗುವಿಗೆ ಹೊಟ್ಟೆನೋವು, ಇಂಗು ಹಚ್ಚಿ ನೀವುತ್ತಿದ್ದೇನೆ ಎಂದು ಶರ್ಮಿಳಾ ಫೋನಿನಲ್ಲಿ ಹೇಳುತ್ತಿದ್ದಳು. ಅಳು ಕೇಳಿಸುತ್ತಿತ್ತು, ಇವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿಯುತ್ತಿದ್ದ. ಮಗಳನ್ನು ಮೊದಲು ಎತ್ತಿಕೊಂಡದ್ದು ಅವಳಿಗೆ ಹದಿನಾಲ್ಕು ತಿಂಗಳಾದಾಗ. ಈಗ ಎರಡು ಬೆರಳಿನಿಂದ ಮೊಲದ ಬಿಗಿದ ಹೊಟ್ಟೆಯನ್ನು ಮೆಲ್ಲಮೆಲ್ಲನೆ ನೀವುತ್ತ, ಹೀಗೇ ನೀವುವುದೋ ಏನೋ ಎಂದುಕೊಂಡ. ಕೇಳೋಣವೆಂದರೆ ಶರ್ಮಿಳಾಳಿಗೆ ಹೇಳುವಂತಿರಲಿಲ್ಲ.

ಶನಿವಾರ ಬೆಳಗ್ಗೆ ತಟ್ಟೆ ಖಾಲಿ. ಯಜ್ಞೇಶ ಚಹಾ ಮಾಡಿದ, ಕುಡಿಯಲಿಲ್ಲ. ಅವಸರದಲ್ಲಿ ವಾಟ್ಸಾಪ್ ತೆರೆದು ಇಂಗ್ಲಿಷಿನಲ್ಲಿ ಬರೆದ: 'ನಿನ್ನೆಯಿಂದ ಸೊನ್ನೆ. ತುಂಬ ಚಿಂತೆಯಾಗಿದೆ. ಏನು ಮಾಡಲಿ?' ಕಳಿಸಿ ಫೋನನ್ನು ಚಾರ್ಜಿಗೆ ಹಾಕಿ ಮತ್ತೆ ಹೊಟ್ಟೆ ನೀವಲು ಕೂತ.

ಹನ್ನೊಂದರ ಸುಮಾರಿಗೆ ಮಾಫಿ ಕೊಸರಿಕೊಂಡು ಕೆಳಗಿಳಿಯಿತು. ಮೈ ಉದ್ದಕ್ಕೆ ಚಾಚಿ, ತೂರಾಡುತ್ತ ಸೋಫಾದ ಹಿಂದೆ ಹೋಯಿತು. ಯಜ್ಞೇಶ ಕಾರ್ಖಾನೆಯ ಟಾರ್ಚು ತಂದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ನೋಡಿದ. ಒಂದು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಆಮೇಲೆ ಎರಡು. ಉಸಿರು ಬಿಗಿಹಿಡಿದು ಅರ್ಧ ಗಂಟೆ ಹಾಗೇ ಮಲಗಿದ್ದ. ಒಟ್ಟು ಹನ್ನೊಂದು. ಕೊನೆಯ ನಾಲ್ಕಂತೂ ಮೆಣಸಿನ ಕಾಳಿನಷ್ಟು ದುಂಡಗೆ, ಲಕ್ಷಣವಾಗಿದ್ದವು. ಅವನ ಕಣ್ಣಲ್ಲಿ ನೀರು ಬಂತು. ಫೋನು ತೆಗೆದು, 'ಹನ್ನೊಂದು. ಕೊನೆಯ ನಾಲ್ಕು ತುಂಬ ದೊಡ್ಡವು. ದೇವರು ದೊಡ್ಡವನು. ಬಹಳ ಸಂತೋಷ' ಎಂದು ಬರೆದು ಕಳಿಸಿದ.

ಒಂದು ನಿಮಿಷಕ್ಕೆ ಫೋನು ಬಂತು. ಕ್ಲಿನಿಕ್ಕಲ್ಲ, ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜ್ ಬೊನವೆಂಚರ್.

"ಸರ್, ಹನ್ನೊಂದಾ? ಎಲ್ಲಿ ಸರ್?"

"ಸೋಫಾದ ಹಿಂದೆ."

"ಸೋಫಾ? ಯಾವ ಯೂನಿಟ್ಟಿನಲ್ಲಿ ಸೋಫಾ ಉಂಟು ಸರ್? ನಾನು ಹೆಡ್‌ಕೌಂಟ್ ಮಾಡಿಸ್ತಾ ಇದ್ದೇನೆ. ಇಲ್ಲಿ ಎಲ್ಲರೂ ಇದ್ದಾರೆ."

ಯಜ್ಞೇಶ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಎರಡೂ ಸಂದೇಶಗಳು ಹೋದದ್ದು ಅಪಘಾತಗಳ ದಿನದ ಲೆಕ್ಕ ಹಾಕುವ ಕಾರ್ಖಾನೆಯ ಸೇಫ್ಟಿ ಗ್ರೂಪಿಗೆ. ಬೆಳಗ್ಗಿನ 'ಸೊನ್ನೆ'ಗೆ ನಲವತ್ತೆರಡು ಜನ ಹೆಬ್ಬೆರಳೆತ್ತಿದ್ದರು. 'ಸೊನ್ನೆಯೇ ನಮ್ಮ ಗುರಿ, ಇದರಲ್ಲಿ ಚಿಂತೆ ಏಕೆ?' ಎಂದು ಮ್ಯಾನೇಜರು ಕೇಳಿದ್ದರು. 'ಹನ್ನೊಂದು, ಬಹಳ ಸಂತೋಷ' ಎಂಬುದರ ಕೆಳಗೆ ಮಾತ್ರ ಯಾರೂ ಏನೂ ಬರೆದಿರಲಿಲ್ಲ.

ಅದನ್ನು ಹೇಗೆ ಬಿಡಿಸಿ ಹೇಳಿದನೋ ಅವನಿಗೇ ಗೊತ್ತು. ಬೊನವೆಂಚರ್ ಎಣಿಕೆ ನಿಲ್ಲಿಸಲು ಆಚೆಗೆ ಕೂಗಿ ಹೇಳಿ, "ಈಗ ತಿಂತಾ ಉಂಟಾ ಸರ್?" ಎಂದು ಕೇಳಿದ. ಅದೊಂದು ಮಾತಿಗಾಗಿ ಯಜ್ಞೇಶ ಅವನನ್ನು ಜನ್ಮವಿಡೀ ಮರೆಯಲಿಲ್ಲ. ಮಾಫಿ ಆಗ ಹುಲ್ಲಿನ ಒಂದೊಂದೇ ಎಳೆಯನ್ನು ಎಳೆದು ತಿನ್ನುತ್ತಿತ್ತು.

ಸಂಜೆ ವಿಮಾನನಿಲ್ದಾಣದಿಂದ ಬರುವಾಗ ಯಜ್ಞೇಶ ಏನೂ ಹೇಳಲಿಲ್ಲ. ಬಾಗಿಲು ತೆರೆದಾಗ ಮೊಲ ತನ್ನತ್ತಲೇ ಓಡಿಬರುತ್ತದೆ, ಎಲ್ಲರೂ ಬೆರಗಾಗುತ್ತಾರೆ, ಆಗ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡಿದ್ದ. ಮಾಫಿ ಓಡಿಬಂತು. ಅಶ್ವಿತಾಳ ಕಾಲು ಸುತ್ತಿತು, ಶರ್ಮಿಳಾಳ ಸೀರೆಯ ಅಂಚು ಮೂಸಿತು, ಯಜ್ಞೇಶನನ್ನು ಕಂಡದ್ದೇ ನೆಲಕ್ಕೆ ಹಿಂಗಾಲು ಧಡ್ಡನೆ ಬಡಿದು, ತಿರುಗಿ ಅವನಿಗೆ ಬೆನ್ನು ಹಾಕಿ ಕೂತಿತು.

"ಪಪ್ಪಾ, ನೀನು ಅದಕ್ಕೆ ಏನು ಮಾಡಿದೆ?"

"ನಾನೆಂತ ಮಾಡಿದ್ದು?"

ಅಡುಗೆಮನೆಯಿಂದ ಶರ್ಮಿಳಾ ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಅವಲಕ್ಕಿಯ ಖಾಲಿ ಡಬ್ಬಿ ಹಿಡಿದು ಬಂದಳು. "ಗೋಡೆಗೆ ಹಸಿರು ಬಣ್ಣ ಯಾರು ಹೊಡೆದದ್ದು?"

ಅವನು ಎಲ್ಲವನ್ನೂ ಹೇಳಿದ. ಶರ್ಮಿಳಾ ಬೈದಳು. ಅದು ಅವನಿಗೆ ಅಭ್ಯಾಸವಾಗಿತ್ತು. ಅಶ್ವಿತಾ ಬೈಯಲಿಲ್ಲ. "ಪ್ರಾಮಿಸ್ ಮಾಡಿದ್ದೆ ಅಲ್ವಾ," ಎಂದಷ್ಟೇ ಹೇಳಿ ಮೊಲವನ್ನೆತ್ತಿಕೊಂಡು ಒಳಗೆ ಹೋದಳು. ಯಜ್ಞೇಶ ಅಲ್ಲೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ಅವಳೇ ಬಾಗಿಲಲ್ಲಿ ಇಣುಕಿದಳು. "ಅದಕ್ಕೆ ಸಿರಿಂಜಿನ ಕೋಪ. ನೀನು ನೆಲದಲ್ಲಿ ಕೂತ್ಕೋ. ಮುಟ್ಬೇಡ, ಕರೀಬೇಡ. ಅದಾಗೇ ಬಂದ್ರೆ ಸಾರಿ ಆಕ್ಸೆಪ್ಟ್ ಮಾಡ್ತು ಅಂತ."

ಯಜ್ಞೇಶ ಮಲಗುವವರೆಗೂ ಕೂತ. ಬರಲಿಲ್ಲ. ಭಾನುವಾರ ಬೆಳಗ್ಗೆ ಯೂನಿಫಾರ್ಮ್ ಹಾಕಿ, ಬೂಟಿನ ಲೇಸು ಕಟ್ಟಿ, ಕಂಪನಿ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿದೆಯೆಂದು ಮತ್ತೆ ನೆಲಕ್ಕಿಳಿದ. ಹದಿನೆಂಟನೆಯ ನಿಮಿಷಕ್ಕೆ ಮಾಫಿ ಸೋಫಾದ ಹಿಂದಿನಿಂದ ಮೂಗು ಹೊರಗೆ ಹಾಕಿತು. ಹತ್ತೊಂಬತ್ತಕ್ಕೆ ಬೂಟು ಮೂಸಿತು. ಇಪ್ಪತ್ತಕ್ಕೆ ಸರಿಯಾಗಿ ಅವನ ತೊಡೆ ಹತ್ತಿ, ಎರಡು ಸುತ್ತು ತಿರುಗಿ, ಕೂತಿತು. ಆಗಲೇ ಡ್ರೈವರ್ ಹಂಝನ ಫೋನು.

"ಸರ್, ಬಸ್ ಕೆಳಗುಂಟು. ಯಲ್ಲಾ, ಬೇಗ ಬನ್ನಿ."

ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಸ್ಸು ತಪ್ಪಿಸದ ಯಜ್ಞೇಶ ತುಟಿ ಅಲ್ಲಾಡಿಸದೆ, "ಹಂಝ ಕಾಕಾ, ನೀವು ಹೋಗಿ," ಎಂದು ಪಿಸುಗುಟ್ಟಿದ. ಕೋಣೆಯಿಂದ ಅಶ್ವಿತಾ ಶಾಲೆಯ ಬ್ಯಾಗು ಹಿಡಿದು ಬಂದು ನೋಡಿ, ಊರಿಂದ ಬಂದ ಮೇಲೆ ಮೊದಲ ಸಲ ನಕ್ಕಳು. ಬಸ್ಸಿನ ಸದ್ದು ತಿರುವು ದಾಟಿ ಹೋಯಿತು. ಆಗ ಯಜ್ಞೇಶನಿಗೆ ತೊಡೆಯ ಮೇಲೆ ಬೆಚ್ಚಗೆ ಅನಿಸಿತು. ಪ್ಯಾಂಟಿನ ಮೇಲೆ ಆ ಬೆಚ್ಚಗಿನದು ನಿಧಾನವಾಗಿ ಹರಡಿತು. ಮಾಫಿ ಎದ್ದು, ಕಾಲು ಝಾಡಿಸಿ, ಹುಲ್ಲಿನ ಬಳಿಗೆ ಹೋಯಿತು.

ಯಜ್ಞೇಶ ಒದ್ದೆ ಪ್ಯಾಂಟನ್ನೂ ಮಗಳನ್ನೂ ನೋಡಿದ. "ಇದರ ಅರ್ಥ ಎಂತ? ಕ್ಷಮಿಸಿತು ಅಂತಲಾ, ಇಲ್ಲ ಅಂತಲಾ?"

"ಎರಡೂ ಅಲ್ಲ ಪಪ್ಪಾ. ಈ ಜಾಗ ಇನ್ನು ನಂದು ಅಂತ."

ಯಜ್ಞೇಶನ ಮುಖ ಅರಳಿತು. ಶರ್ಮಿಳಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. "ಒಳ್ಳೇದಾಯ್ತು," ಎಂದಳು. "ಹಾಗಾದ್ರೆ ನಿಮ್ಮ ಪ್ಯಾಂಟನ್ನು ಇನ್ನು ಅದೇ ಒಗೀಲಿ."